ಅಪ್ಪನ ಹೆಸರಿನ ಜಾಗಕ್ಕೆ ಅಪ್ಪನ ಹೆಸರು

ಭೇರ್ಯದ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ ಮಂಟಯ್ಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಬಲಗೈಯ ತೋರುಬೆರಳು. ಉಳಿದ ಒಂಬತ್ತು ಬೆರಳುಗಳು ಕೆಲಸವಿಲ್ಲದ ನೆಂಟರ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಪಹಣಿಗೆ ಬಂದವರು ಚೀಟಿ ಕೊಟ್ಟು, ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದು, ಅದರಾಚೆಯ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡು ತಿರುಗಿ ಬಂದರೂ ಅವನ ಬೆರಳು ‘ಳ’ ಎಲ್ಲಿದೆ ಎಂದು ಕೀಬೋರ್ಡಿನ ಮೇಲೆ ಹದ್ದಿನಂತೆ ಸುತ್ತುತ್ತಿರುತ್ತಿತ್ತು. ಊರಿನವರು ಬೇಸರ ಮಾಡಿಕೊಂಡವರಲ್ಲ. ಮಂಟಯ್ಯನ ಕೆಲಸದಲ್ಲಿ ತಪ್ಪಿರುವುದಿಲ್ಲ ಎಂಬ ಹೆಸರಿತ್ತು. ಅಷ್ಟು ನಿಧಾನಕ್ಕೆ ಯಾರು ತಾನೇ ತಪ್ಪು ಮಾಡಲು ಸಾಧ್ಯ?

ಈ ವಿಷಯ ಗೊತ್ತಿರದಿದ್ದದ್ದು ಪಿರಿಯಾಪಟ್ಟಣದ ಕಡೆಯವರಿಗೆ ಮಾತ್ರ.

ಮಂಟಯ್ಯನಿಗೆ ಮೂವತ್ತನಾಲ್ಕು ತುಂಬಿತ್ತು. ಏಳು ಮನೆಗಳಲ್ಲಿ ಹೆಣ್ಣು ನೋಡಿ, ಏಳು ಬಗೆಯ ಉಪ್ಪಿಟ್ಟು ತಿಂದು, ಏಳು ಸಲವೂ ‘ಆಮೇಲೆ ಹೇಳಿ ಕಳಿಸ್ತೀವಿ’ ಎಂಬ ಮಾತು ಕೇಳಿಸಿಕೊಂಡು ಬಂದಿದ್ದ. ಎಂಟನೆಯವಳು ಪಿರಿಯಾಪಟ್ಟಣದ ಕಡೆಯ ಸುಕನ್ಯ. ಹುಣಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದಳು. ತಂದೆ ಜವರಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿ ತಾಯಿ ಸರ್ವಮಂಗಳ ಒಬ್ಬರೇ. ಸುಕನ್ಯ ತಟ್ಟೆ ತಂದಿಟ್ಟವಳು ನೆಲ ನೋಡಲಿಲ್ಲ, ಮಂಟಯ್ಯನ ಕೈ ನೋಡಿದಳು.

“ಎಷ್ಟು ಬೆರಳಲ್ಲಿ ಟೈಪ್ ಮಾಡ್ತೀರಿ?”

ಜಮೀನು ಎಷ್ಟು, ಸಂಪಾದನೆ ಎಷ್ಟು, ಕುಡಿಯುವುದುಂಟೋ ಎಂಬ ಪ್ರಶ್ನೆಗಳಿಗೆಲ್ಲ ಮಂಟಯ್ಯ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬೆರಳಿನ ಪ್ರಶ್ನೆ ಪಠ್ಯದಲ್ಲಿರಲಿಲ್ಲ. ಒಂದು ಎಂದರೆ ಮಾನ ಹೋಗುತ್ತದೆ. ಹತ್ತು ಎಂದರೆ ಮಾಡಿ ತೋರಿಸಿ ಎನ್ನುತ್ತಾಳೆ.

“ನಾನು ಬೆರಳೇ ಮುಟ್ಸಲ್ಲ ಕಣ್ರೀ,” ಎಂದುಬಿಟ್ಟ. “ಡ್ರೈವರ್ ಮಡಗಿದ್ದೀನಿ. ಎಲ್ಲಾನೂ ಡ್ರೈವರೇ ನೋಡ್ಕತ್ತದೆ.”

ಸರ್ವಮಂಗಳ ಕಿಟಕಿಯ ಹತ್ತಿರ ಹೋಗಿ ಬೀದಿಯಲ್ಲಿ ಕಾರು ಹುಡುಕಿದರು. ಸುಕನ್ಯ ಮಾತ್ರ, “ಹೌದಾ? ಒಂದಿನ ಬಂದು ನೋಡ್ಬೇಕು,” ಎಂದು ನಕ್ಕಳು. ಮದುವೆ ಗೊತ್ತಾಯಿತು.

ಬಿಳಿಕೆರೆಯಲ್ಲಿ ಒಂದು ಸಮಿತಿಯವರು ನಡೆಸುವ ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟುವುದೆಂದು ಎರಡೂ ಮನೆಯವರು ಒಪ್ಪಿದರು. ಸಮಿತಿಯ ಕಾರ್ಯದರ್ಶಿ ಶಿವಕುಮಾರ ಮೇಷ್ಟ್ರು ನಿವೃತ್ತ ಹೆಡ್‌ಮಾಸ್ಟರು. ಮಂಟಯ್ಯನ ಡ್ರೈವರಿನ ಕೀರ್ತಿ ಅವರ ಕಿವಿಗೂ ಬಿತ್ತು. ನಾಲ್ಕು ತಾಲ್ಲೂಕಿನ ಇಪ್ಪತ್ತನಾಲ್ಕು ಜೋಡಿಗಳ ಪಟ್ಟಿಯನ್ನು ಅವನ ಕಂಪ್ಯೂಟರಿಗೇ ಕಳಿಸಿ, “ಇಷ್ಟನ್ನೂ ಸಮಿತಿಯ ವೆಬ್‌ಸೈಟಿಗೆ ಏರಿಸತಕ್ಕದ್ದು. ಶುಕ್ರವಾರ ಸಂಜೆ ಐದು ಗಂಟೆಗೆ ಬಾಗಿಲು ಮುಚ್ಚುತ್ತದೆ. ಅದರೊಳಗೆ ಹೆಸರಿಲ್ಲದವರಿಗೆ ತಾಳಿ ಇಲ್ಲ,” ಎಂದರು. ಅದರಲ್ಲಿ ಕೊನೆಯ ಜೋಡಿ ಮಂಟಯ್ಯ ಮತ್ತು ಸುಕನ್ಯ.

ಒಂದು ಬೆರಳಿಗೆ ಇಪ್ಪತ್ತನಾಲ್ಕು ಅರ್ಜಿ ಎಂದರೆ ಶ್ರಾವಣದಲ್ಲಿ ಶುರುಮಾಡಿದ್ದು ದೀಪಾವಳಿಗೆ ಮುಗಿದೀತು. ಮಂಟಯ್ಯ ಕೆ.ಆರ್. ನಗರಕ್ಕೆ ಓಡಿ, ಕಂಪ್ಯೂಟರ್ ರಿಪೇರಿಯ ಗೆಳೆಯ ವಸಂತನ ಕೈ ಹಿಡಿದ.

“ಆ ವೆಬ್‌ಸೈಟು ಬಲೇ ಅನುಮಾನದ್ದು ಕಣ್ಲಾ,” ಎಂದ ವಸಂತ್. “ಪಟ್ಟಿಯಿಂದ ತಂದು ಅಂಟ್ಸಕ್ಕೆ ಬುಡಲ್ಲ. ಯಾವ್ದಾದ್ರೂ ಸಾಫ್ಟ್‌ವೇರ್ ತುಂಬುದ್ರೆ ಕಂಡಿಡ್ದು ಆಚೆಗೆ ತಳ್ತದೆ. ಅದ್ಕೆ ಕೆಳಗಿಂದ ವೋಗ್ಬೇಕು. ಕೀಬೋರ್ಡು, ಮೌಸು ಕಂಪ್ಯೂಟರ್ ತಾವ ಮಾತಾಡೋದೇ ಡ್ರೈವರ್ ಮುಖಾಂತ್ರ. ನಾನು ನಡುವೆ ಇನ್ನೊಂದು ಡ್ರೈವರ್ ಕೂರುಸ್ತೀನಿ. ‘ಈಗ ಯಾರೋ ಕ ಒತ್ತುದ್ರು, ಈಗ ಯಾರೋ ಮೌಸ್ ಅಳ್ಳಾಡ್ಸುದ್ರು’ ಅಂತ ಅದು ಮೇಲಕ್ಕೆ ವರದಿ ಕೊಡ್ತದೆ. ಕಂಪ್ಯೂಟರು ನಂಬ್ತದೆ.”

“ಅಂದ್ರೆ ಇಲ್ದಿರೋ ಬೆರಳು ಅದೆ ಅಂತ ಸುಳ್ ಹೇಳ್ತದೆ?”

“ಊ ಕಣ್ಲಾ.”

ಮಂಟಯ್ಯನಿಗೆ ಆ ಡ್ರೈವರ್ ರಕ್ತಸಂಬಂಧಿಯಂತೆ ಕಂಡಿತು.

ವಸಂತ್ ಬಂದು ಡ್ರೈವರ್ ಕೂರಿಸಿ ಹೋದ. ಯಾವ ಜಾಗಕ್ಕೆ ಏನು ತುಂಬಬೇಕೆಂದು ಅದಕ್ಕೆ ಹೇಳಿಕೊಡುವುದೊಂದು ಬಾಕಿ. ಅದನ್ನು ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಮಾಡಿಸಿದ. ಪ್ರತಿ ಜಾಗಕ್ಕೂ ಡ್ರೈವರಿನ ಪ್ರೋಗ್ರಾಮು ‘ಪಟ್ಟಿಯಿಂದಲೋ, ನೇರವಾಗಿಯೋ?’ ಎಂದು ಕೇಳುತ್ತಿತ್ತು. ನೇರವಾಗಿ ಬರೆದರೆ ಎಲ್ಲ ಅರ್ಜಿಗೂ ಅದೇ ಹೋಗುತ್ತದೆಂದು ಮಾತ್ರ ಹೇಳುತ್ತಿರಲಿಲ್ಲ.

“ಹೆಸರಿನ ಜಾಗಕ್ಕೆ ಪಟ್ಟಿಯಿಂದ ಹೆಸ್ರು ಹಾಕು. ಊರಿನ ಜಾಗಕ್ಕೆ ಊರು ಹಾಕು. ಅಪ್ಪನ ಹೆಸರಿನ ಜಾಗಕ್ಕೆ ಅಪ್ಪನ ಹೆಸ್ರು ಹಾಕು.”

ಹೆಸರು, ಊರು ಪಟ್ಟಿಯಿಂದ ಬಂದವು. ಮೂರನೆಯದಕ್ಕೆ ಮಂಟಯ್ಯ ವಿಧೇಯ ಮಗನಾಗಿ ‘ನೇರವಾಗಿ’ ಎಂಬುದನ್ನು ಒತ್ತಿ, ನಾಲಿಗೆ ಕಚ್ಚಿಕೊಂಡು, ಒಂದೇ ಬೆರಳಿನಲ್ಲಿ ತನ್ನ ಅಪ್ಪನ ಹೆಸರು ಬರೆದ: ನಿಂಗಯ್ಯ. ಹೆಣ್ಣಿನ ಕಡೆಯ ಕಲಮಿಗೆ ಬಂದಾಗ ಅವನಿಗೂ ಒಂದು ಸಣ್ಣ ಸಂಶಯ ಬಂತು.

“ವಸಂತ, ಇಲ್ಲೂ ಅಪ್ಪನ ಹೆಸ್ರು ಕೇಳ್ತಾದಲ್ಲ?”

“ಕೇಳುದ್ರೆ ಅಲ್ಲೂ ಅಪ್ಪನ ಹೆಸ್ರೇ ಹಾಕ್ಲಾ! ಇನ್ನೇನು ಅವ್ವನ ಹೆಸ್ರು ಹಾಕ್ತೀಯಾ?”

ಅದೂ ಸರಿ ಎನಿಸಿತು. ಶುರು ಎಂಬುದನ್ನು ಒತ್ತಿದ.

ಆಹಾ! ಮೌಸ್ ಮೇಜಿನ ಮೇಲೆ ಮಲಗಿದಂತೆಯೇ ಇತ್ತು, ಅದರ ಬಾಣ ಮಾತ್ರ ಪರದೆಯ ಮೇಲೆ ಜಿಂಕೆಯಂತೆ ಜಿಗಿಯತೊಡಗಿತು. ಕೀಬೋರ್ಡನ್ನು ಯಾರೂ ಮುಟ್ಟಲಿಲ್ಲ, ಅಕ್ಷರಗಳು ಮಳೆಯಂತೆ ಬಿದ್ದವು. ಮಂಟಯ್ಯ ಎರಡೂ ಕೈಗಳನ್ನು ಜೇಬಿಗೆ ಇಳಿಸಿ, ಬಾಗಿಲಿನಲ್ಲಿ ನಿಂತು, ಬೀದಿಯಲ್ಲಿ ಹೋಗುವವರಿಗೆಲ್ಲ ತನ್ನ ಖಾಲಿ ಕೈಗಳ ದರ್ಶನ ಕೊಟ್ಟ. ಕಾಫಿ ಕುಡಿದು ಬರುವಷ್ಟರಲ್ಲಿ ಇಪ್ಪತ್ತನಾಲ್ಕೂ ಮುಗಿದಿದ್ದವು. ನಲವತ್ತೆಂಟು ಮೊಬೈಲುಗಳಿಗೆ ಸಂದೇಶವೂ ಹೋಗಿತ್ತು. ಕೊನೆಯದು ಬಂದದ್ದು ಅವನ ಮೊಬೈಲಿಗೇ.

‘ವರ: ಮಂಟಯ್ಯ, ತಂದೆ ನಿಂಗಯ್ಯ. ವಧು: ಸುಕನ್ಯ, ತಂದೆ ನಿಂಗಯ್ಯ. ಒಡಹುಟ್ಟಿದವರಾದ ಕಾರಣ ಅರ್ಜಿಯನ್ನು ತಡೆಹಿಡಿಯಲಾಗಿದೆ. ಶುಭವಾಗಲಿ.’

ನಿಂಗಯ್ಯನ ಬಗ್ಗೆ ಎರಡು ಮಾತು ಹೇಳಬೇಕು. ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯ. ಮಂಟಯ್ಯ ಒಬ್ಬನೇ ಮಗ. ಆದರೆ ನಿಂಗಯ್ಯ ಮೂವತ್ತು ವರ್ಷ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದ, ಮತ್ತು ಆ ಬಸ್ಸು ಕೆ.ಆರ್. ನಗರ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣಗಳನ್ನು ಸುತ್ತಿ ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ಎಂಬ ಊರು ತಲುಪುತ್ತಿತ್ತು. ಸಂದೇಶ ಬಂದ ಊರುಗಳ ಪಟ್ಟಿ ನೋಡಿದರೆ ಆ ಬಸ್ಸಿನ ಸ್ಟಾಪುಗಳ ಪಟ್ಟಿ ಓದಿದ ಹಾಗೇ ಇತ್ತು. ದುರದೃಷ್ಟವೆಂದರೆ ಹೀಗೆ.

ಮೊಬೈಲಿನಿಂದ ಮೊಬೈಲಿಗೆ ಹರಡಿದ ನಲವತ್ತೆಂಟು ಸಂದೇಶಗಳ ಸುದ್ದಿಯನ್ನು ಪಕ್ಕದ ಮನೆಯವಳು ಓದಿ ಹೇಳಿದ ಮೇಲೆ, ನಿಂಗಯ್ಯನ ಹೆಂಡತಿ ಮರಮ್ಮ ರಾಗಿ ಮೊರ ಹಿಡಿದುಕೊಂಡೇ ಸೆಂಟರಿಗೆ ಬಂದಳು. ಹಿಂದೆ ನಿಂಗಯ್ಯ, ಮುಖ ಬಿಳಿಚಿಕೊಂಡು.

“ಹ್ಯಾಂಡ್‌ಪೋಸ್ಟ್‌ನಲ್ಲಿ ನೈಟ್ ಆಲ್ಟು, ನೈಟ್ ಆಲ್ಟು ಅಂತ ಮೂವತ್ ವರ್ಸ ಬುರುಡೆ ಬುಟ್ಟಲ್ಲಯ್ಯ! ಈಗ ಗೊತ್ತಾಯ್ತು ಬುಡು, ಅದ್ಯಾತರ ಆಲ್ಟು ಅಂತ!”

“ಅಲ್ಲಾ ಕಣಮ್ಮಿ, ನಾನು ಬಸ್ಸಲ್ಲೇ ಸೀಟ್ ಮ್ಯಾಲೆ ಮಲಗ್ತಿದ್ದೆ…”

“ನಲವತ್ತೆಂಟು! ಅದ್ರಲ್ಲಿ ಇವ್ನೊಬ್ಬ ನಂದು. ಮಿಕ್ಕ ನಲವತ್ತೇಳು? ಅಪ್ಪನ ಹೆಸ್ರು ಬರ್ಸವ್ರೆ, ಅವ್ವಂದಿರ ಹೆಸ್ರು ಯಾಕ್ ಬರ್ಸಿಲ್ಲ?”

ಅಷ್ಟರಲ್ಲಿ ಬಸ್ಸುಗಳು ಬಂದು ನಿಲ್ಲತೊಡಗಿದವು. ಪ್ರತಿ ಬಸ್ಸಿನಿಂದಲೂ ನಾಲ್ಕಾರು ಹೊಸ ಮಕ್ಕಳು, ಅವರ ಮೂಲ ತಂದೆಯರ ಸಮೇತ ಇಳಿದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸೆಂಟರಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಮುಗಿದು, ವಡೆ ಮುಗಿದು, ನೀರು ಮಾತ್ರ ಉಳಿದಿತ್ತು. ಮದುವೆಗೆ ಒಪ್ಪಿಕೊಂಡ ಜೋಡಿಗಳು ಒಬ್ಬರನ್ನೊಬ್ಬರು ನೋಡಲು ಹಿಂಜರಿದು, ದೂರ ದೂರ ನಿಂತಿದ್ದರು. ಚೇತನ್‌ಕುಮಾರ ಎಂಬ ಹುಡುಗ ಅಭ್ಯಾಸಬಲದಿಂದ ತಾನು ಮದುವೆಯಾಗಬೇಕಿದ್ದ ಮಾನಸಳಿಗೆ ನೀರಿನ ಲೋಟ ಕೊಡಲು ಹೋದಾಗ, ಅವಳ ಸೋದರಮಾವ, “ಏಯ್, ತಂಗಿ ಕಣ್ಲಾ!” ಎಂದು ಗದರಿದ.

ಮಂಟಯ್ಯ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿದ.

“ಅಣ್ಣಂದ್ರೇ, ನಮ್ಮಪ್ಪನ್ದು ಏನೂ ತಪ್ಪಿಲ್ಲ! ಇದನ್ನೆಲ್ಲಾ ಮಾಡಿದ್ದು ಡ್ರೈವರು!”

ಗುಂಪಿನೊಳಗೆ ಆ ಮಾತು ಬೆಂಕಿಯಂತೆ ಹರಿಯಿತು. ಕಂಡಕ್ಟರ್ ಅಲ್ಲವಂತೆ, ಡ್ರೈವರಂತೆ.

“ಅಂಗನ್ನು ಮತ್ತೆ!” ಎಂದಳು ಮರಮ್ಮ, ಮೊರ ಕಂಕುಳಿಗೆ ಏರಿಸಿ. “ಆ ಪುಟ್ಟಯ್ಯ ಕಣ್ಣು ವಡಿಯೋದ್ ನೋಡ್ದಾಗ್ಲೇ ಅಂದ್ಕಂಡಿದ್ದೆ!”

ಪುಟ್ಟಯ್ಯ ಅದೇ ಬಸ್ಸಿನ ಹಳೆಯ ಡ್ರೈವರು. ಎಪ್ಪತ್ತೆರಡು ವರ್ಷ. ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಕೂತು ಎರಡೂ ಕಿವಿ ಕೇಳಿಸದು. ಅವನ ಕಣ್ಣು ಹೊಡೆದುಕೊಳ್ಳುತ್ತಿದ್ದದ್ದು ಡೀಸೆಲ್ ಹೊಗೆಗೆ. ನಾಲ್ಕು ಜನ ಹೋಗಿ, ಎಮ್ಮೆ ತೊಳೆಯುತ್ತಿದ್ದವನನ್ನು ಹಾಗೆಯೇ ಎತ್ತಿಕೊಂಡು ಬಂದರು. ಮಂಟಯ್ಯ, “ಆ ಡ್ರೈವರ್ ಅಲ್ಲ, ಈ ಡ್ರೈವರು, ಒಳಗಿರೋ ಡ್ರೈವರು!” ಎಂದು ಕೂಗುತ್ತಲೇ ಇದ್ದ. ‘ಒಳಗಿರೋ’ ಎಂದದ್ದರಿಂದ ಕೆಲವರು ಸೆಂಟರಿನ ಮೇಜಿನ ಕೆಳಗೂ ಹುಡುಕಿದರು.

ಶಿವಕುಮಾರ ಮೇಷ್ಟ್ರು ಬಿಳಿಕೆರೆಯಿಂದ ಬಂದಿಳಿದು ವಿಚಾರಣೆ ಕೈಗೆತ್ತಿಕೊಂಡರು.

“ಎಷ್ಟು ಮಂದಿ ಎಂದು ನೀವೇ ಹೇಳಿ!” ಎಂದು ಪುಟ್ಟಯ್ಯನ ಕಿವಿಯಲ್ಲಿ ಕೂಗಿದರು. “ನಲವತ್ತೆಂಟು ಎನ್ನುತ್ತಾರೆ!”

ಮದುವೆಗೆ ಬಸ್ಸು ಗೊತ್ತುಮಾಡಲು ಬಂದಿದ್ದಾರೆಂದು ತಿಳಿದ ಪುಟ್ಟಯ್ಯನ ಮುಖ ಅರಳಿತು. “ನಲವತ್ತೈದು ನನ್ ಜವಾಬ್ದಾರಿ ಬುಡಿ ಸಾ. ಮಿಕ್ಕ ಮೂರನ್ನ ಕಂಡಕ್ಟ್ರು ನೋಡ್ಕತ್ತಾನೆ.”

ಮರಮ್ಮನ ಮೊರ ನಿಂಗಯ್ಯನ ಬೆನ್ನಿನ ಮೇಲೆ ಬಿದ್ದ ಸದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತು.

ನಿಂಗಯ್ಯನ ಮಾನ ಉಳಿಸಿದವಳು ಹ್ಯಾಂಡ್‌ಪೋಸ್ಟ್ ಕಡೆಯ ಚಿಕ್ಕಬೀರಮ್ಮ, ಮಾನಸಳ ಅಜ್ಜಿ. ಕೋಲೂರಿಕೊಂಡು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಈವಯ್ಯನಾ? ಥೂ, ಸಾಧ್ಯವೇ ಇಲ್ಲ. ಕೈ ತೋರ್ಸಿ ತೋರ್ಸಿ ಸಾಕಾದ್ರೂ ನಮ್ಮೂರ್ ಸ್ಟಾಪಲ್ಲಿ ಒಂದ್ ದಿನ ಬಸ್ ನಿಲ್ಸಿದ್ ಆಸಾಮಿ ಅಲ್ಲ. ಇವ್ನು ಮಗು ಎಲ್ಲಿಂದ ಕೊಟ್ಟಾನು?”

ಇಷ್ಟು ಗಟ್ಟಿ ಸಾಕ್ಷಿಯ ಮೇಲೆ ಗುಂಪು ಸ್ವಲ್ಪ ತಣ್ಣಗಾಯಿತು. ಮೇಷ್ಟ್ರು ಮಾತ್ರ ಆಗಲಿಲ್ಲ. “ವೆಬ್‌ಸೈಟಿನಲ್ಲಿ ಬಂದದ್ದು ದಾಖಲೆ. ದಾಖಲೆಯ ಪ್ರಕಾರ ಇವರೇ ತಂದೆ. ಹಾಗೆಯೇ ಮುಂದುವರಿಯುವುದಾದರೆ ಎಲ್ಲರ ಪರವಾಗಿ ಇವರದೊಂದೇ ಒಪ್ಪಿಗೆ ಪತ್ರ ಸಾಕು, ಕಾಗದ ಉಳಿಯುತ್ತದೆ. ಆದರೆ ಮದುವೆ ಆಗುವಂತಿಲ್ಲ.”

“ಸಾ, ಡ್ರೈವರ್ ಅಂದ್ರೆ ಏನು ಅಂತ ತೋರುಸ್ಬುಡ್ತೀನಿ, ಒಂದ್ ನಿಮ್ಸ,” ಎಂದು ಮಂಟಯ್ಯ ಕೈಮುಗಿದು, ಎಲ್ಲರನ್ನೂ ಪರದೆಯ ಮುಂದೆ ಸೇರಿಸಿ, ಮತ್ತೆ ಶುರು ಒತ್ತಿದ.

ಅದನ್ನು ಒತ್ತಬಾರದಿತ್ತು. ಬಾಣ ಜಿಗಿಯಿತು, ಅಕ್ಷರ ಸುರಿಯಿತು. ವರನ ತಂದೆ: ನಿಂಗಯ್ಯ. ಗುಂಪು “ಓ!” ಎಂದಿತು. ವಧುವಿನ ತಂದೆ: ನಿಂಗಯ್ಯ. “ಓಹೋ!” ಮಂಟಯ್ಯ ನಿಲ್ಲಿಸಲು ಹೋದರೆ ಕೀಬೋರ್ಡ್ ಕೇಳಲಿಲ್ಲ, ಮೌಸ್ ಕದಲಲಿಲ್ಲ. ವಸಂತನಿಗೆ ಫೋನ್ ಮಾಡಿದ.

“ಅದು ಕೆಲ್ಸ ಮಾಡೋವಾಗ ಯಾರೂ ಕೈ ಆಕ್ಬಾರ್ದು ಅಂತ ನಿಜವಾದ ಕೀಬೋರ್ಡು, ಮೌಸು ಎರಡೂ ಕಟ್ ಮಾಡಿವ್ನಿ ಕಣ್ಲಾ,” ಎಂದ ವಸಂತ್, ಹೆಮ್ಮೆಯಿಂದ.

ಯಾರೋ ಗೋಡೆಯ ಪ್ಲಗ್ ಕಿತ್ತರು. ಯುಪಿಎಸ್ಸು ಕೀಂ ಕೀಂ ಎನ್ನುತ್ತ ಡ್ರೈವರಿನ ಬೆಂಬಲಕ್ಕೆ ನಿಂತಿತು. ಜನರ ಜೇಬುಗಳಲ್ಲಿ ಮೊಬೈಲುಗಳು ಮತ್ತೆ ಕೂಗತೊಡಗಿದವು.

“ಮತ್ ಉಟ್ತಾವ್ರೆ! ಅಯ್ಯೋ, ಎಲ್ಲಾ ಅವಳಿ ಜವಳಿ!” ಎಂದು ಮರಮ್ಮ ಅಲ್ಲೇ ಕುಸಿದಳು.

ಆಗ ಗುಂಪನ್ನು ಸರಿಸಿಕೊಂಡು ಬಂದ ಹುಡುಗಿಯೊಬ್ಬಳು ಕಂಪ್ಯೂಟರಿನ ಹಿಂದೆ ಬಗ್ಗಿ, ಇಂಟರ್ನೆಟ್ಟಿನ ವೈರನ್ನು ಕಿತ್ತಳು. ನಿಂಗಯ್ಯನ ಸಂತಾನ ಅರುವತ್ತಕ್ಕೆ ನಿಂತಿತು.

ಅವಳು ಸುಕನ್ಯ. ಹುಣಸೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಜೊತೆಯಲ್ಲಿ ಸರ್ವಮಂಗಳ. ಅವರು ಜಗಳವಾಡಲಿಲ್ಲ. ಮೊಬೈಲನ್ನು ಮಂಟಯ್ಯನ ಮುಂದೆ ಹಿಡಿದು ಕೇಳಿದರು.

“ಸುಕನ್ಯನ ಅಪ್ಪನ ಹೆಸ್ರು ಎಲ್ಲೋಯ್ತಪ್ಪ? ಸತ್ತೋರ್ ಹೆಸ್ರು ಅಂತ ಒರೆಸ್ಬುಟ್ರಾ?”

ಮಂಟಯ್ಯ ತಲೆ ತಗ್ಗಿಸಿ ತನ್ನ ತೋರುಬೆರಳನ್ನು ನೋಡಿಕೊಂಡ.

ಸುಕನ್ಯ ಗೋಡೆಯ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. “ತಿದ್ದಕ್ಕೆ ಅವಕಾಶ ಇದೆಯಾ ಸಾರ್?” ಎಂದು ಮೇಷ್ಟ್ರನ್ನು ಕೇಳಿದಳು.

“ಐದರವರೆಗೆ. ಅಷ್ಟನ್ನೂ ಹೊಸದಾಗಿ ಟೈಪಿಸತಕ್ಕದ್ದು. ಆಗದ ಮಾತು.”

ಸುಕನ್ಯ ಕಂಪ್ಯೂಟರ್ ಆರಿಸಿ, ಹೊತ್ತಿಸಿ, ವೈರನ್ನು ಮತ್ತೆ ಚುಚ್ಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. “ಒಬ್ಬೊಬ್ಬರೇ ಬನ್ನಿ. ತಂದೆ ಹೆಸರು ಜೋರಾಗಿ ಹೇಳಿ.”

ಆ ಮಧ್ಯಾಹ್ನ ಭೇರ್ಯದಲ್ಲಿ ಅಪ್ಪಂದಿರ ಹೆಸರುಗಳು ಮೊಳಗಿದಷ್ಟು ಹಿಂದೆಂದೂ ಮೊಳಗಿರಲಿಲ್ಲ. ಹುಡುಗರು ಎದೆ ಸೆಟೆಸಿ ಕೂಗಿದರು. ಹುಡುಗಿಯರು ಕೂಗಿದರು. ತಂದೆಯರು ಹಿಂದೆ ನಿಂತು, ತಮ್ಮ ಹೆಸರು ಪರದೆಯ ಮೇಲೆ ಬಿದ್ದಿತೋ ಇಲ್ಲವೋ ಎಂದು ಕತ್ತು ಉದ್ದ ಮಾಡಿದರು. ಸುಕನ್ಯಳ ಹತ್ತು ಬೆರಳು ತಮಟೆಯ ಮೇಲೆ ಕುಣಿದ ಹಾಗೆ ಕುಣಿದವು. ಗುಂಪು ತಾಳ ಹಾಕಿತು. ಪುಟ್ಟಯ್ಯ ಏನೂ ಕೇಳಿಸದೆಯೂ ತಲೆದೂಗಿದ. ಅರ್ಜಿ ಹೋದ ಜೋಡಿಗಳು ಒಡಹುಟ್ಟು ಕಳಚಿಕೊಂಡು, ಹತ್ತಿರ ಹತ್ತಿರ ನಿಂತರು. ಚೇತನ್‌ಕುಮಾರ ನೀರಿನ ಲೋಟ ಕೊಟ್ಟ. ಯಾರೂ ಗದರಲಿಲ್ಲ.

ನಾಲ್ಕು ನಲವತ್ತಕ್ಕೆ ಇಪ್ಪತ್ತಮೂರು ಮುಗಿದವು. ಸುಕನ್ಯ ಎದ್ದು ನಿಂತಳು.

“ಇನ್ನೊಂದು ಅದೆಯಲ್ಲಾ… ನಮ್ದು,” ಎಂದ ಮಂಟಯ್ಯ.

“ಅದನ್ನ ನೀವು ಟೈಪ್ ಮಾಡಿ.”

“ಇಪ್ಪತ್ತೇ ನಿಮ್ಸ ಅದೆ ಕಣ್ರೀ.”

“ಎಷ್ಟು ಬೆರಳಲ್ಲಿ ಟೈಪ್ ಮಾಡ್ತೀರಿ?”

ಮಂಟಯ್ಯ ಸುತ್ತಲೂ ನೋಡಿದ. ನಾಲ್ಕು ತಾಲ್ಲೂಕು ಉಸಿರು ಹಿಡಿದು ನಿಂತಿತ್ತು. “ಒಂದು,” ಎಂದ. “ಡ್ರೈವರೂ ಆಗ ಇರ್ಲಿಲ್ಲ. ನಿಮ್ಗೆ ಹೇಳ್ಬುಟ್ಟೆ ಅಂತ ಆಮೇಲೆ ಮಡಗುದ್ದು.”

“ಸುಳ್ಳು ಹೇಳೋದಕ್ಕೂ ಕೈ ಪಳಗಿರ್ಬೇಕು,” ಎಂದಳು ಸುಕನ್ಯ. “ನಿಮ್ದು ಪಳಗಿಲ್ಲ. ಅಷ್ಟರ ಮಟ್ಟಿಗೆ ವಾಸಿ. ಕೂತ್ಕೊಳಿ.”

ಬೆರಳಿನ ಹದ್ದು ಮೇಲೇರಿತು. ತನ್ನ ಹೆಸರು ಬರೆಯುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಊರು ಬರೆಯುವಷ್ಟರಲ್ಲಿ ಎರಡು. ಕೀಗಳ ಮೇಲೆ ಅಂಟಿಸಿದ್ದ ಕನ್ನಡ ಅಕ್ಷರಗಳು ಅರ್ಧಕ್ಕರ್ಧ ಸವೆದಿದ್ದವು.

“ಮ್ಯಾಕ್ಕೋಗು, ಮ್ಯಾಕ್ಕೆ!”

“ಎಡಕ್ಕ್ ತಿರೀಕಳ್ಲಾ, ಅಲ್ಲಿ ಅದೆ ಸ!”

“ಅದು ಸ ಅಲ್ಲ ಕಣೋ, ಚಟ್ನಿ ಕಲೆ!”

ವಧುವಿನ ತಂದೆ ಎಂಬಲ್ಲಿ ಅವನ ಬೆರಳು ನಿಂತೇಬಿಟ್ಟಿತು. ‘ಜ’ ಎಲ್ಲಿಯೂ ಇಲ್ಲ. ನಾಲ್ಕು ಐವತ್ತಮೂರು. ಇಡೀ ಗುಂಪು ‘ಜ’ ಹುಡುಕಿತು, ಮೇಷ್ಟ್ರು ಕನ್ನಡಕ ಹಾಕಿಕೊಂಡು ಹುಡುಕಿದರು. ಆಗ ಹಿಂದಿನಿಂದ ಒಂದು ಕೈ ಬಂದು, ಸವೆದ ಕೀ ಒಂದನ್ನು ಮೆಲ್ಲಗೆ ಮುಟ್ಟಿತು.

“ಇಗಾ, ಇಲ್ಲಿ ಅದೆ,” ಎಂದರು ಸರ್ವಮಂಗಳ. “ನಂಗೆ ಬರೋದು ಅದೊಂದು ಹೆಸ್ರಿನ ಅಕ್ಸರವೇ.”

ಮಂಟಯ್ಯ ಜವರಯ್ಯ ಎಂದು ಬರೆದ. ಒಂದು ಅಕ್ಷರವೂ ತಪ್ಪಲಿಲ್ಲ.

ನಾಲ್ಕು ಐವತ್ತೆಂಟಕ್ಕೆ ಒಂದೇ ಜಾಗ ಉಳಿಯಿತು. ವಧುವಿನ ಒಪ್ಪಿಗೆ. ಅಲ್ಲಿಗೂ ಬೆರಳು ಚಾಚಿದವನ ಕೈಯ ಮೇಲೆ ಸುಕನ್ಯ ಫಟ್ಟನೆ ಹೊಡೆದಳು. “ಕೈ ತೆಗೀರಿ. ಅದು ನಂದು.”

ಬಗ್ಗಿ, ನಿಂತುಕೊಂಡೇ, ಒಂದು ಸಲ ತಡತಡನೆ ಬಾರಿಸಿ ಸಲ್ಲಿಸಿಬಿಟ್ಟಳು. ಹಿಂದೆ ನಿಂತವರು, “ಏನ್ ಒತ್ತುದ್ಲು? ಊ ಅಂದ್ಲಾ, ಇಲ್ಲ ಅಂ‌ದ್ಲಾ?” ಎಂದು ಮುಂದಿನವರನ್ನು ಪೀಡಿಸಿದರು. ಮೇಷ್ಟ್ರು ಪರದೆಗೆ ಮೂಗು ತಾಗಿಸಿ ಓದಿದರು.

“‘ಒಪ್ಪಿಗೆ ಇದೆ. ವರನು ಆರು ತಿಂಗಳೊಳಗೆ ಹತ್ತೂ ಬೆರಳಿನಲ್ಲಿ ಟೈಪಿಂಗ್ ಕಲಿಯತಕ್ಕದ್ದು.’ ಛೆ ಛೆ, ಇಲ್ಲಿ ಷರತ್ತು ಹಾಕಲು ನಿಯಮವಿಲ್ಲಮ್ಮ!”

ಆದರೆ ಐದು ಗಂಟೆಯಾಗಿತ್ತು. ಬಾಗಿಲು ಮುಚ್ಚಿತ್ತು. ಷರತ್ತು ಒಳಗೆ ಸೇರಿಯಾಗಿತ್ತು. ಗುಂಪು ಕೇಕೆ ಹಾಕಿತು, ಮರಮ್ಮ ನಿಂಗಯ್ಯನ ಬೆನ್ನಿನ ರಾಗಿ ಹೊಟ್ಟು ಒರೆಸಿದಳು, ಮಂಟಯ್ಯ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಮೊದಲ ಸಲ ನೋಡುವವನಂತೆ ಬೆರಳುಗಳನ್ನು ಒಂದೊಂದಾಗಿ ಎಣಿಸಿದ.

“ಹೆಬ್ಬೆಟ್ಟೂ ಸೇರ್ಸಿನಾ ಹತ್ತು?” ಎಂದು ಕೇಳಿದ.